ಅಂತರ ಕಾಲೇಜು ಕಬಡ್ಡಿ ಪಂದ್ಯಾವಳಿ: ಆಯೋಜನೆಯ ಕ್ರಮ

ಕುಸ್ತಿಗೆ ಹೆಸರಾದ ಹಳಿಯಾಳ ಸೀಮೆಯಲ್ಲಿ ಕಬಡ್ಡಿಗೂ ಆದರವುಂಟು. ಅಂಕಣದಲ್ಲಿ ಏಳೇ ಜನ ಆಡುವ ಈ ಆಟಕ್ಕೆ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಿರುವ ಕಾಲೇಜೂ ತಂಡ ಕಟ್ಟಬಲ್ಲದು. ಹನ್ನೊಂದು ಜನರನ್ನು ಬೇಡುವ ಆಟಗಳಲ್ಲಿ ಈ ಸೌಲಭ್ಯವಿಲ್ಲ. ೧೯೯೦ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಗಿ ಸ್ಥಾನ ಪಡೆದ ಕಬಡ್ಡಿಯಲ್ಲಿ ಭಾರತವೇ ಸ್ವರ್ಣವನ್ನು ಗೆದ್ದಿತು.

ಉತ್ತರ ಕನ್ನಡದ ಪದವಿ ಕಾಲೇಜುಗಳು ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. ಅಂತರ ಕಾಲೇಜು ಪಂದ್ಯಗಳಲ್ಲಿ ತೋರಿದ ಆಟವೇ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಆಧಾರ. ಆದುದರಿಂದ ಪಂದ್ಯಾವಳಿಯ ಆತಿಥ್ಯ ವಹಿಸುವ ಸಂಸ್ಥೆಯ ಹೊಣೆ ಊಟ, ವಸತಿ, ಸ್ವಾಗತಗಳಿಗೆ ಮುಗಿಯತಕ್ಕದ್ದಲ್ಲ. ಪ್ರತಿಯೊಬ್ಬ ಆಟಗಾರನಿಗೂ ತನ್ನ ಸಾಮರ್ಥ್ಯವನ್ನು ತೋರಲು ಅವಕಾಶ ದೊರೆಯುವಂತೆ ಪಂದ್ಯಗಳನ್ನು ಜೋಡಿಸುವುದೇ ಅದರ ಪ್ರಥಮ ಕರ್ತವ್ಯ.

ಜೋಡಣೆಯಲ್ಲಿ ಎರಡು ಪದ್ಧತಿಗಳು ಪ್ರಸಿದ್ಧ. ಸೋತ ತಂಡ ಒಡನೆಯೇ ಹೊರಬೀಳುವುದು ನಾಕೌಟ್. ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುವುದು ಲೀಗ್. ಹನ್ನೆರಡು ತಂಡಗಳು ಬಂದಿವೆಯೆಂದು ಭಾವಿಸೋಣ. ನಾಕೌಟಿನಲ್ಲಿ ೧೧ ಪಂದ್ಯಗಳು ಸಾಕು. ಲೀಗಿಗೆ ೬೬ ಪಂದ್ಯಗಳು ಬೇಕು. ಮೊದಲನೆಯದರಲ್ಲಿ ಕಾಲ ಉಳಿಯುತ್ತದೆ, ಆದರೆ ನಾಲ್ಕು ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಡದೆಯೇ ಮುನ್ನಡೆಯುವ ‘ಬೈ’ ದೊರೆತು, ಉಳಿದ ಎಂಟರಲ್ಲಿ ನಾಲ್ಕು ಒಂದೇ ಪಂದ್ಯವನ್ನಾಡಿ ಹಿಂದಿರುಗುತ್ತವೆ. ಎರಡನೆಯದು ನ್ಯಾಯಸಮ್ಮತ, ಆದರೆ ಎರಡು ದಿನಗಳಲ್ಲಿ ಮುಗಿಯುವಂಥದಲ್ಲ.

ಇವೆರಡರ ನಡುವೆ ಮಧ್ಯಮ ಮಾರ್ಗವೊಂದುಂಟು. ಹನ್ನೆರಡು ತಂಡಗಳನ್ನು ಮೂರು ಮೂರರಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರೆ ಗುಂಪಿಗೆ ಮೂರರಂತೆ ೧೨ ಪಂದ್ಯಗಳು, ಗುಂಪಿನ ವಿಜೇತರಿಗೆ ಎರಡು ಉಪಾಂತ್ಯ, ಒಂದು ಅಂತಿಮ, ಒಟ್ಟು ೧೫. ನಾಕೌಟಿಗಿಂತ ನಾಲ್ಕೇ ಪಂದ್ಯ ಹೆಚ್ಚು. ಆದರೂ ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯಗಳು ಖಚಿತ. ಪುರುಷರ ಪಂದ್ಯಕ್ಕೆ ೨೦ ನಿಮಿಷಗಳ ಎರಡು ಅವಧಿ, ನಡುವೆ ೫ ನಿಮಿಷ ವಿರಾಮ. ಇತರ ನಿಲುಗಡೆಗಳನ್ನೂ ಸೇರಿಸಿ ಒಂದು ಗಂಟೆ ಹಿಡಿದರೆ, ಎರಡು ಅಂಕಣಗಳಲ್ಲಿ ಗುಂಪಿನ ಪಂದ್ಯಗಳು ಆರು ಗಂಟೆಗಳಲ್ಲಿ ಮುಗಿಯುತ್ತವೆ. ಉಪಾಂತ್ಯ ಮತ್ತು ಅಂತಿಮ ಪಂದ್ಯಗಳು ಮರುದಿನಕ್ಕೆ.

ಗುಂಪುಗಳ ವಿಂಗಡಣೆ ಗೋಪ್ಯವಾಗಿ ನಡೆಯಕೂಡದು. ಹಿಂದಿನ ವರ್ಷ ಉಪಾಂತ್ಯ ತಲುಪಿದ ನಾಲ್ಕು ತಂಡಗಳನ್ನು ಬೇರೆ ಬೇರೆ ಗುಂಪುಗಳಲ್ಲಿಟ್ಟು, ಉಳಿದವುಗಳ ಚೀಟಿಯನ್ನು ತಂಡಗಳ ವ್ಯವಸ್ಥಾಪಕರ ಸಮಕ್ಷಮದಲ್ಲಿ ಎತ್ತಬೇಕು. ಮೂರು ತಂಡಗಳೂ ಒಂದೊಂದು ಗೆದ್ದು ಸಮನಾದರೆ ಅಂಕಗಳ ಅಂತರದಿಂದ ತೀರ್ಮಾನವೆಂಬಂಥ ನಿಯಮವನ್ನು ಆಟಕ್ಕೆ ಮೊದಲೇ ಬರೆದು ಪ್ರಕಟಿಸಬೇಕು. ಆತಿಥೇಯ ಕಾಲೇಜಿನ ಪಂದ್ಯಕ್ಕೆ ಆ ಕಾಲೇಜಿನವರೇ ತೀರ್ಪುಗಾರರಾಗುವುದು ಉಚಿತವಲ್ಲ.

ಅಂಕಣದ ಅಳತೆ ಪುರುಷರಿಗೆ ೧೩ × ೧೦ ಮೀಟರ್, ಮಹಿಳೆಯರಿಗೆ ೧೨ × ೮ ಮೀಟರ್. ಮಳೆಗಾಲದಲ್ಲಿ ಈ ಸೀಮೆಯ ಮಣ್ಣಿನ ಅಂಕಣ ಜಾರುವುದರಿಂದ ಛಾವಣಿಯ ಕೆಳಗೆ ಮ್ಯಾಟ್ ಹಾಸುವುದು ಕ್ಷೇಮ. ಕಬಡ್ಡಿಯಲ್ಲಿ ಮೊಣಕಾಲು, ಭುಜ, ಬೆರಳುಗಳಿಗೆ ಪೆಟ್ಟಾಗುವುದು ಸಾಮಾನ್ಯ; ಪ್ರಥಮ ಚಿಕಿತ್ಸೆ ಬಲ್ಲವರು ಅಂಕಣದ ಬಳಿಯಲ್ಲಿಯೇ ಇರಬೇಕು, ವಾಹನ ಸಿದ್ಧವಿರಬೇಕು. ಹಳಿಯಾಳ ಪಟ್ಟಣದಲ್ಲಿ ರೈಲು ನಿಲ್ದಾಣವಿಲ್ಲ. ರೈಲಿನಲ್ಲಿ ಬರುವ ತಂಡಗಳು ಅಳ್ನಾವರದಲ್ಲಿಯೋ ಧಾರವಾಡದಲ್ಲಿಯೋ ಇಳಿದು ಬಸ್ಸು ಹಿಡಿಯಬೇಕು. ಆದುದರಿಂದ ದೂರದಿಂದ ಬರುವವರ ಮೊದಲ ಪಂದ್ಯವನ್ನು ಮುಂಜಾನೆಗೆ ಇಡದಿರುವುದು ಲೇಸು.

ನಾಲ್ಕು ಪಂದ್ಯಗಳು ಹೆಚ್ಚಾದರೆ ಖರ್ಚೂ ಹೆಚ್ಚುವುದು ಸಹಜ. ದಾನಿಗಳ ದ್ರವ್ಯ ಸಾಮಾನ್ಯವಾಗಿ ಪಾರಿತೋಷಕದ ಬೆಳ್ಳಿಯ ಬಟ್ಟಲಿಗೆ ಸಲ್ಲುತ್ತದೆ. ಬಟ್ಟಲು ಒಂದೇ ತಂಡದ ಪಾಲು. ಅದೇ ದ್ರವ್ಯ ಮ್ಯಾಟಿಗೂ ಮರುದಿನದ ಊಟಕ್ಕೂ ಸಂದರೆ, ಮೊದಲ ಪಂದ್ಯದಲ್ಲಿ ಎಡವಿದ ಹಳ್ಳಿಯ ಹುಡುಗನೂ ಆಯ್ಕೆಗಾರರ ಕಣ್ಣೆದುರು ಇನ್ನೊಮ್ಮೆ ಅಂಕಣಕ್ಕೆ ಇಳಿಯುತ್ತಾನೆ.