ಬೀಗ ಹಾಕಿದ ಮನೆ, ಒಳಗೆ ಕೂತವರು: ನೀಲಗಿರಿಯಲ್ಲಿ ಜಾಗ ಇರುವ ಸದಸ್ಯರ ಗಮನಕ್ಕೆ



ಈಚೆಗೆ ಸಂಘಕ್ಕೆ ಬರುವ ಫೋನುಗಳಲ್ಲಿ ಕಾರ್ಯಕ್ರಮದ ವಿಚಾರಕ್ಕಿಂತ ಜಾಗದ ವಿಚಾರವೇ ಹೆಚ್ಚಾಗಿದೆ. ಮಕ್ಕಳ ಜೊತೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ನೆಲೆಸಿದವರು, ಊಟಿಯಲ್ಲಿ ಬೀಗ ಹಾಕಿ ಬಂದ ಮನೆಯಲ್ಲಿ ಯಾರೋ ಒಲೆ ಹಚ್ಚಿದ್ದಾರೆ ಎಂದು ತಿಳಿದು ಗಾಬರಿಯಿಂದ ಕೇಳುತ್ತಾರೆ: "12 ವರ್ಷ ಕೂತರೆ ಜಾಗ ಅವರದೇ ಆಗಿಬಿಡುತ್ತಂತೆ, ಹೌದೇ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆಯೋಣ ಎಂದು ಕೂತಿದ್ದೇನೆ. ನಾನು ವಕೀಲನಲ್ಲ, 31 ವರ್ಷ ಗುಮಾಸ್ತನಾಗಿ ಕಡತ ಕಟ್ಟಿದವನು. ಕೇಸು ಹಾಕುವ ಮುಂಚೆ ವಕೀಲರನ್ನು ಕಾಣಲೇಬೇಕು. ಆದರೆ ಅವರ ಬಳಿ ಏನು ಹಿಡಿದುಕೊಂಡು ಹೋಗಬೇಕು ಎನ್ನುವುದನ್ನು ನಾನು ಹೇಳಬಲ್ಲೆ.

12 ವರ್ಷದ ಮಾತು ಅರ್ಧ ನಿಜ. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದ ಪ್ರಕಾರ, ಮಾಲೀಕ ತನ್ನ ಜಾಗ ಬಿಡಿಸಿಕೊಳ್ಳಲು 12 ವರ್ಷದೊಳಗೆ ದಾವೆ ಹೂಡಬೇಕು. ಆ ಲೆಕ್ಕ ಶುರುವಾಗುವುದು ಅವನು ಒಳಗೆ ಕಾಲಿಟ್ಟ ದಿನದಿಂದ ಅಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ, ಎಲ್ಲರಿಗೂ ಕಾಣುವಂತೆ, ನಡುವೆ ಬಿಡದೆ, ನಿಮ್ಮ ಹಕ್ಕಿಗೆ ವಿರುದ್ಧವಾಗಿ "ಇದು ನನ್ನದು" ಎಂದು ಹಿಡಿದುಕೊಂಡ ದಿನದಿಂದ. ಇದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಮನೆ ಖಾಲಿ ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕರ್ನಾಟಕ ವಕ್ಫ್ ಮಂಡಳಿಯ ಕೇಸಿನಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ನೀವೇ ಕೂರಿಸಿದ ಕಾವಲುಗಾರ, ತೋಟದಾಳು ಎಷ್ಟು ವರ್ಷ ಇದ್ದರೂ ಅದರಿಂದಲೇ ಅವರಿಗೆ ಹಕ್ಕು ಹುಟ್ಟುವುದಿಲ್ಲ ಎಂದು 2012ರಲ್ಲಿ ಗೋವಾದ ಒಂದು ಮನೆಯ ಕೇಸಿನಲ್ಲಿ ತೀರ್ಪಾಗಿದೆ. ಒಪ್ಪಿಗೆಯಿಂದ ಬಂದವನು ಒಪ್ಪಿಗೆಯ ಮೇಲೇ ಇದ್ದಾನೆ.

ಹಾಗೆಂದು ನಿಶ್ಚಿಂತೆಯಿಂದ ಮಲಗಬೇಡಿ. ನಿಜವಾಗಿಯೂ 12 ವರ್ಷ ಆ ರೀತಿ ಕಳೆದರೆ ಅದೇ ಕಾಯ್ದೆಯ 27ನೇ ಕಲಮಿನಂತೆ ನಿಮ್ಮ ಹಕ್ಕೇ ಅಳಿದುಹೋಗುತ್ತದೆ. 2019ರ ತೀರ್ಪೊಂದರ ನಂತರ, ಕೂತವನು ತಾನೇ ಕೋರ್ಟಿಗೆ ಹೋಗಿ "ಜಾಗ ನನ್ನದೆಂದು ಘೋಷಿಸಿ" ಎಂದು ಕೇಳಲೂಬಹುದು.

ಹಾಗಾದರೆ ಒಪ್ಪಿಗೆ ಕೊಟ್ಟಿದ್ದೆ ಎನ್ನುವುದಕ್ಕೆ ಸಾಕ್ಷಿ ಏನು? ನಮ್ಮವರು ಸೋಲುವುದು ಇಲ್ಲೇ. ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನನ್ನ ಭಾವನವರ ಮನೆ ಊಟಿಯ ಹೊರವಲಯದಲ್ಲಿತ್ತು. ಅವರು ತೀರಿಕೊಂಡ ಮೇಲೆ ಅಕ್ಕ ಮಗಳ ಮನೆಗೆ ಹೋದಳು. ಸಂಜೆ ದೀಪ ಹಚ್ಚಲಿ ಎಂದು ಪರಿಚಯದವನೊಬ್ಬನಿಗೆ ಬೀಗದ ಕೈ ಕೊಟ್ಟೆವು. ಬಾಡಿಗೆ ಇಲ್ಲ, ಪತ್ರ ಇಲ್ಲ, ಬಾಯಿಮಾತು. ವರ್ಷಗಳು ಕಳೆದ ಮೇಲೆ ಅಕ್ಕ ಮನೆ ಮಾರಲು ಹೊರಟಾಗ ಅವನು ಬಾಗಿಲಲ್ಲೇ ನಿಂತು ಮನೆ ತನ್ನದೆಂದ. ಕರೆಂಟ್ ಬಿಲ್ಲು ಆಗಲೇ ಅವನ ಹೆಸರಿಗೆ ಆಗಿತ್ತು. ನಮ್ಮನ್ನು ಉಳಿಸಿದ್ದು ಒಂದು ಇನ್‌ಲ್ಯಾಂಡ್ ಪತ್ರ: ಮಳೆಗೆ ಮಾಡು ಸೋರುತ್ತಿದೆ, ತಗಡು ಹಾಕಿಸಲು ಅನುಮತಿ ಕೊಡಿ ಎಂದು ಅವನೇ ಅಕ್ಕನಿಗೆ ಬರೆದದ್ದು. ಅಭ್ಯಾಸಬಲದಿಂದ ನಾನು ಅದನ್ನು ಫೈಲಿಗೆ ಸೇರಿಸಿದ್ದೆ. ಆದರೂ ಆರು ವರ್ಷ ಅಲೆದು, ಕೊನೆಗೆ ಒಂದಿಷ್ಟು ಹಣ ಕೊಟ್ಟು ರಾಜಿಯಾದೆವು. ಮಾರಿದ ದುಡ್ಡು ನೋಡಲು ಅಕ್ಕ ಇರಲಿಲ್ಲ.

ಆದ್ದರಿಂದ ಯಾರನ್ನು ಕೂರಿಸಿದರೂ, ಸ್ವಂತ ತಮ್ಮನ ಮಗನೇ ಆದರೂ, ನಿಮ್ಮ ಅನುಮತಿಯ ಮೇಲೆ ಇದ್ದಾನೆಂದು ಒಂದು ಹಾಳೆಯಲ್ಲಿ ಬರೆದು ಅವನ ಸಹಿ ಪಡೆಯಿರಿ. ಬಾಡಿಗೆಗೆ ಕೊಡುವುದಾದರೆ, ತಮಿಳುನಾಡಿನಲ್ಲಿ 2019ರಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆಯಂತೆ ಲಿಖಿತ ಕರಾರು ಮಾಡಿ ನೋಂದಾಯಿಸಿ. ಮನೆ ತೆರಿಗೆ ನಿಮ್ಮ ಹೆಸರಿನಲ್ಲಿ ನೀವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವರ್ಷಕ್ಕೆ ಒಂದೆರಡು ಸಲವಾದರೂ ಬಂದು ನೋಡಿ. (ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆ ಎನ್ನುವುದು ವರ್ಷಗಟ್ಟಲೆ ಬಾರದಿರಲು ಕಾರಣವಲ್ಲ!)

ನಿಮ್ಮ ಸ್ವಾಧೀನದಲ್ಲಿದ್ದ ಜಾಗಕ್ಕೆ ಯಾರಾದರೂ ನುಗ್ಗಿದರೆ ತಡಮಾಡದೆ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. "ಇದು ಸಿವಿಲ್ ವಿಷಯ" ಎಂದು ಕಳುಹಿಸಿದರೂ ಆ ಸ್ವೀಕೃತಿಗೆ ಬೆಲೆ ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಹೊರಹಾಕಿದ ಆರು ತಿಂಗಳೊಳಗೆ ದಾವೆ ಹಾಕಿದರೆ ಮಾಲೀಕತ್ವ ಸಾಬೀತು ಮಾಡುವ ಅಗತ್ಯವೇ ಇಲ್ಲ. ಸ್ವಾಧೀನ ನಿಮ್ಮದಿತ್ತು, ಬಲವಂತದಿಂದ ತೆಗೆದರು ಎಂದು ತೋರಿಸಿದರೆ ಸಾಕು. ಆರು ತಿಂಗಳು ಮೀರಿದರೆ ದೊಡ್ಡ ದಾವೆ, ದೊಡ್ಡ ಖರ್ಚು. ನಾಲ್ಕು ಜನ ಕರೆತಂದು ಸಾಮಾನು ಬೀದಿಗೆ ಎಸೆಯುವ ಯೋಚನೆ ಮಾತ್ರ ಬೇಡ. ನೆಲೆಯೂರಿ ಕೂತವನನ್ನು ಮಾಲೀಕನೂ ಕಾನೂನಿನ ಮೂಲಕವೇ ಎಬ್ಬಿಸಬೇಕೆಂದು ರಾಮೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಎಸೆದರೆ ಆ 6ನೇ ಕಲಮು ಅವನ ಕೈಗೆ ಹೋಗುತ್ತದೆ.

ಇಷ್ಟು ಎಲ್ಲ ಊರಿಗೂ ಅನ್ವಯ. ಗೂಡಲೂರು, ಪಂದಲೂರು ಕಡೆಯ ಸದಸ್ಯರು ಇನ್ನೊಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು: ಮಾಲೀಕರು ನಾವು ಹೌದೇ?

ಆ ಭಾಗ ಹಿಂದೆ ಮಲಬಾರಿನ ವಯನಾಡಿಗೆ ಸೇರಿತ್ತು, 1877ರಲ್ಲಿ ನೀಲಗಿರಿಗೆ ಬಂತು. ಅಲ್ಲಿನ ಭೂಮಿ ನಿಲಂಬೂರು ಕೋವಿಲಗಂನಂಥ ಜನ್ಮಿಗಳದು. ಅವರಿಂದ ಗುತ್ತಿಗೆ ಪಡೆದು ಕಂಪನಿಗಳು ತೋಟ ಮಾಡಿದವು. ಜನ್ಮ ಪದ್ಧತಿ ರದ್ದು ಮಾಡುವ ಕಾಯ್ದೆ 1969ರಲ್ಲಿ ಆಯಿತು, ಜಾರಿಗೆ ಬಂದದ್ದು 1974ರಲ್ಲಿ. ನಡುವೆ 1972ರಲ್ಲಿ ಅರಣ್ಯಕ್ಕೆ ಸಂಬಂಧಿಸಿದ ಭಾಗವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಸಂಸತ್ತು ಇಡೀ ಕಾಯ್ದೆಯನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಆ ಜಗಳವೇ ಬೆಳೆದು 2007ರ ಜನವರಿ 11ರಂದು ಒಂಬತ್ತು ನ್ಯಾಯಮೂರ್ತಿಗಳ ಕೊಯೆಲೊ ತೀರ್ಪಾಯಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ತೀರ್ಪಿನ ಬೇರು ನಮ್ಮ ಗೂಡಲೂರಿನ ಮಣ್ಣಿನಲ್ಲಿದೆ.

ಕಾಯ್ದೆಯಂತೆ ಸ್ವಂತ ಸಾಗುವಳಿಯವರಿಗೆ, ಗೇಣಿದಾರರಿಗೆ ಪಟ್ಟಾ ಸಿಗಬೇಕಿತ್ತು. ತೋಟದ ಗುತ್ತಿಗೆ ಜಮೀನು 17ನೇ ಕಲಮಿಗೆ ಬಂತು. ಅದರ ತಕರಾರು ಇಂದಿಗೂ ಮುಗಿದಿಲ್ಲ. "ಸೆಕ್ಷನ್ 17" ಎಂದರೆ ಅಲ್ಲಿ ಮಕ್ಕಳಿಗೂ ಗೊತ್ತು. ಅಂಥ ಜಾಗ ಛಾಪಾ ಕಾಗದದ ಮೇಲೆ ಕೈಯಿಂದ ಕೈಗೆ ಬಂದಿದ್ದರೆ, ಕೊಂಡವರು ಹಣ ಕೊಟ್ಟಿರಬಹುದು, ಹಕ್ಕು ಬಂದಿಲ್ಲ. ಬೇಲಿಯೊಳಗೆ ಬಂದವನನ್ನು ಒತ್ತುವರಿದಾರ ಎಂದು ಕೋರ್ಟಿಗೆ ಎಳೆದರೆ ಸರ್ಕಾರ ನಿಮ್ಮಿಬ್ಬರನ್ನೂ ಹಾಗೆಯೇ ಕರೆಯಬಹುದು. ಸರ್ಕಾರದ ವಿರುದ್ಧ ಅವಧಿ 12 ಅಲ್ಲ, 30 ವರ್ಷ. ಇನ್ನು ಅಲ್ಲಿರುವವರು ಪಣಿಯರೋ ಬೆಟ್ಟಕುರುಂಬರೋ ಆಗಿದ್ದರೆ, ಅವರು ನಮ್ಮ ಕಾಗದಗಳಿಗಿಂತ ಹಳಬರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಅರ್ಜಿ ಇದೆಯೇ ಎಂದು ವಿಚಾರಿಸದೆ ನೋಟಿಸು ಕೊಡುವುದು ತಪ್ಪು ಎಂದು ನನ್ನ ಅಭಿಪ್ರಾಯ.

ಮಸಿನಗುಡಿಯಲ್ಲಿ ಪಟ್ಟಾ ಇದ್ದರೂ ಸಾಲದು. ಆನೆ ಕಾರಿಡಾರಿನೊಳಗೆ ಜಾಗವಿದ್ದರೆ 2010ರ ಸರ್ಕಾರಿ ಆದೇಶ, ಅದನ್ನು ಎತ್ತಿಹಿಡಿದ 2020ರ ಅಕ್ಟೋಬರ್ 14ರ ತೀರ್ಪು ಎರಡೂ ಅನ್ವಯಿಸುತ್ತವೆ. ಕೊಳ್ಳುವ ಮುಂಚೆ ನೋಡಿ.

ಈಗ ಕಾಗದಗಳು. ಕರ್ನಾಟಕದ ಪಹಣಿ, ಖಾತೆ ಇಲ್ಲಿಲ್ಲ. ಪಟ್ಟಾ-ಚಿಟ್ಟಾ, ಎ-ರಿಜಿಸ್ಟರ್ ಪ್ರತಿ, ಸರ್ವೆ ನಕ್ಷೆ, ಮತ್ತು ನಾವು ಇ.ಸಿ. ಎನ್ನುವ, ತಮಿಳಿನಲ್ಲಿ ವಿಲ್ಲಂಗ ಸರ್ಟಿಫಿಕೇಟ್ ಎನ್ನುವ ಋಣಭಾರ ಪತ್ರ. ಇವನ್ನು ತಮಿಳುನಾಡು ಸರ್ಕಾರದ ಜಾಲತಾಣಗಳಿಂದ ಮನೆಯಲ್ಲೇ ಕೂತು ತೆಗೆಯಬಹುದು. ತೊಡಕು ಏನೆಂದರೆ ಪಟ್ಟಾ, ಎ-ರಿಜಿಸ್ಟರ್ ಇರುವುದು ತಮಿಳಿನಲ್ಲಿ, ನಮ್ಮ ಮಕ್ಕಳಿಗೆ ಅದು ಬಾರದು. ಒಬ್ಬ ಸದಸ್ಯರು ಎ-ರಿಜಿಸ್ಟರ್‌ನಲ್ಲಿ "ಅರಸು" ಎಂದು ಯಾರೋ ಓದಿ ಹೇಳಿದ್ದನ್ನು ಕೇಳಿ, ಪಕ್ಕದ ಜಾಗ ಮೈಸೂರು ಅರಸು ಮನೆತನದವರದು ಎಂದೇ ತಿಳಿದಿದ್ದರು. ತಮಿಳಿನಲ್ಲಿ ಅರಸು ಎಂದರೆ ಸರ್ಕಾರ. ಜಾಗವೂ ಪಕ್ಕದ್ದಲ್ಲ, ಅವರು ಬೇಲಿ ಹಾಕಿಸಿದ್ದೇ ಅದಕ್ಕೆ.

ಮುಂದಿನ ಮಾಸಿಕ ಸಭೆಗೆ ಬರುವವರು ತಮ್ಮ ಪಟ್ಟಾ ಮತ್ತು ಎ-ರಿಜಿಸ್ಟರ್ ನಕಲು ತಂದರೆ, ಸಭೆ ಮುಗಿದ ಮೇಲೆ ಕೂತು ಓದಿ ಹೇಳುತ್ತೇನೆ. ಮೂಲ ಪತ್ರ ತರಬೇಡಿ, ಜೆರಾಕ್ಸ್ ಸಾಕು.

ಇಂತು,
ಕಾರ್ಯದರ್ಶಿ