ಶುಶ್ರೂಷಕಿಯರೂ ಕ್ಷಯರೋಗವೂ: ಒಂದು ವಿವಾದದ ಚರಿತ್ರೆ

ರೋಗಿಯ ಸೇವೆ ಮಾಡುವವಳಿಗೆ ರೋಗ ತಗಲಿದರೆ ಅದನ್ನು ವಿಧಿಯೆನ್ನಬೇಕೇ, ಆಕೆಯ ದೇಹದ ದೌರ್ಬಲ್ಯವೆನ್ನಬೇಕೇ, ಇಲ್ಲವೆ ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡ ಆಸ್ಪತ್ರೆಯ ಹೊಣೆಯೆನ್ನಬೇಕೇ? ಕ್ಷಯದ ವಿಷಯದಲ್ಲಿ ಈ ಪ್ರಶ್ನೆಯು ಯೂರೋಪಿನ ವೈದ್ಯರನ್ನು ಸುಮಾರು ಎಪ್ಪತ್ತು ವರ್ಷಗಳ ಕಾಲ ಕಾಡಿತು. ವೈದ್ಯಶಾಸ್ತ್ರದ ಸಂಗತಿಯನ್ನು ಚರಿತ್ರೆಯ ಅಧ್ಯಾಪಕನು ಏಕೆ ಕೈಗೆತ್ತಿಕೊಳ್ಳಬೇಕೆಂದು ಓದುಗರು ಕೇಳಬಹುದು. ಈ ವಿವಾದವು ಬಹುಮಟ್ಟಿಗೆ ದಾಖಲೆಗಳನ್ನು ಓದುವ ಕ್ರಮಕ್ಕೆ ಸಂಬಂಧಿಸಿದುದು. ಯಾರ ಹೆಸರು ಪುಸ್ತಕದಲ್ಲಿ ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ.

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದ ಸುದ್ದಿಯನ್ನು ಪ್ರಕಟಿಸಿದನು. ಅದೇ ವರ್ಷ ಲಂಡನ್ನಿನ ಬ್ರಾಂಪ್ಟನ್ ಕ್ಷಯ ಆಸ್ಪತ್ರೆಯ ವೈದ್ಯ ಥಿಯೊಡೋರ್ ವಿಲಿಯಮ್ಸ್, ಆ ಆಸ್ಪತ್ರೆಯ ಹಲವು ದಶಕಗಳ ಸಿಬ್ಬಂದಿಯ ವಿವರಗಳನ್ನು ಒಟ್ಟುಗೂಡಿಸಿ, ಅಲ್ಲಿನ ವೈದ್ಯರಲ್ಲಾಗಲಿ ದಾದಿಯರಲ್ಲಾಗಲಿ ಕ್ಷಯವು ಹೆಚ್ಚಾಗಿ ಕಂಡುಬಂದಿಲ್ಲವೆಂದು ವಾದಿಸಿದನು. ಏಳು ವರ್ಷಗಳ ತರುವಾಯ, 1889ರಲ್ಲಿ, ಗೇಯೋರ್ಗ್ ಕಾರ್ನೆಟ್ ಪ್ರಷ್ಯದ ಕ್ಯಾಥೊಲಿಕ್ ಶುಶ್ರೂಷಾ ಸಂಘಗಳ ಇಪ್ಪತ್ತೈದು ವರ್ಷಗಳ ಮರಣಗಳನ್ನು ಪರಿಶೀಲಿಸಿದನು. ಮೃತರಾದ ಸಂನ್ಯಾಸಿನಿಯರಲ್ಲಿ ಹೆಚ್ಚು ಕಡಮೆ ಮೂರರಲ್ಲಿ ಎರಡು ಪಾಲಿನವರನ್ನು ಬಲಿ ತೆಗೆದುಕೊಂಡುದು ಕ್ಷಯವೇ ಎಂದು ಅವನಿಗೆ ಕಂಡುಬಂದಿತು.

ಈ ಎರಡು ಲೆಕ್ಕಗಳು ಇಷ್ಟೊಂದು ಭಿನ್ನವಾದುದೇಕೆ? ನನಗೆ ತೋರುವ ಮಟ್ಟಿಗೆ, ಒಂದು ಮುಖ್ಯ ಕಾರಣ ಆ ಹೆಂಗಸರ ಬಾಳಿನ ಕ್ರಮದಲ್ಲಿಯೇ ಇದೆ. ಆಸ್ಪತ್ರೆಯ ದಾದಿ ಸಂಬಳಕ್ಕೆ ದುಡಿಯುವವಳು. ಕೆಮ್ಮು ಹಿಡಿದು ಶಕ್ತಿಗುಂದಿದೊಡನೆ ಅವಳು ಕೆಲಸ ಬಿಟ್ಟು ತವರಿಗೆ ಮರಳುತ್ತಾಳೆ. ಅವಳ ಮರಣ ಇನ್ನಾವುದೋ ಊರಿನ ಲೆಕ್ಕಕ್ಕೆ ಸೇರುತ್ತದೆ. ಸಂನ್ಯಾಸಿನಿಯಾದರೋ ಮಠವನ್ನು ಬಿಡುವವಳಲ್ಲ. ದೀಕ್ಷೆಯಿಂದ ಸಮಾಧಿಯವರೆಗೆ ಅವಳ ಬಾಳು ಒಂದೇ ಪುಸ್ತಕದಲ್ಲಿ ದಾಖಲಾಗುತ್ತದೆ. ಹಾಗೆಂದು ಕಾರ್ನೆಟ್ಟನ ಅಂಕಿಗಳನ್ನೂ ಕಣ್ಣುಮುಚ್ಚಿ ಒಪ್ಪಲಾಗದು. ಸಂನ್ಯಾಸಿನಿಯರು ಒಂದೇ ಸೂರಿನಡಿ ಒತ್ತಾಗಿ ಬಾಳುವವರಾದುದರಿಂದ ರೋಗಿಯಿಂದ ತಗಲಿದುದೆಷ್ಟು, ಪಕ್ಕದ ಸಹೋದರಿಯಿಂದ ತಗಲಿದುದೆಷ್ಟು ಎಂಬುದು ಮರಣದ ಪಟ್ಟಿಯಿಂದ ತಿಳಿಯುವಂತಿರಲಿಲ್ಲ.

1907ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆಯನ್ನು ಬಳಕೆಗೆ ತಂದನು. ಯೂರೋಪಿನ ನಗರಗಳಲ್ಲಿ ಪ್ರಾಯಕ್ಕೆ ಬಂದವರ ಪೈಕಿ ಬಹುಮಂದಿಗೆ ಆಗಲೇ ಸೋಂಕು ತಗಲಿರುವುದು ಇದರಿಂದ ಗೊತ್ತಾಯಿತು. ಇದರಿಂದ ಒಂದು ಹೊಸ ಸಿದ್ಧಾಂತವೂ ಬೇರೂರಿತು: ಸೋಂಕು ಬಾಲ್ಯದಲ್ಲಿಯೇ ಆಗುವುದು, ಪ್ರಾಯದ ಕ್ಷಯವು ಬೂದಿ ಮುಚ್ಚಿದ ಕೆಂಡ ಮತ್ತೆ ಹೊತ್ತಿಕೊಂಡುದರ ಫಲ. ಈ ವಾದವು ಆಸ್ಪತ್ರೆಗಳಿಗೆ ಎಷ್ಟು ಅನುಕೂಲವಾಗಿತ್ತೆಂದು ಹೇಳಬೇಕಾಗಿಲ್ಲ. ದಾದಿ ರೋಗವನ್ನು ಮನೆಯಿಂದಲೇ ತಂದಳೆಂದ ಮೇಲೆ ಆಸ್ಪತ್ರೆಯದೇನು ತಪ್ಪು?

ಈ ಸಿದ್ಧಾಂತವನ್ನು ಅಲುಗಾಡಿಸಿದವನು ನಾರ್ವೆಯ ಯೋಹಾನೆಸ್ ಹೈಮ್‌ಬೆಕ್. ಆಸ್ಲೋ ನಗರದ ಉಲ್ಲೆವೋಲ್ ಆಸ್ಪತ್ರೆಯಲ್ಲಿ 1924ರಿಂದ ಮೊದಲುಗೊಂಡು, ಶುಶ್ರೂಷಾ ಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿನಿಯನ್ನೂ ಅವನು ಪಿರ್ಕೆಯ ಪರೀಕ್ಷೆಗೆ ಒಳಪಡಿಸಿದನು. ಮುಂದೋಳಿನ ಚರ್ಮವನ್ನು ತುಸುವೇ ಗೀರಿ ಟ್ಯುಬರ್ಕ್ಯುಲಿನ್ ಸವರುವುದು, ಆ ಎಡೆ ಕೆಂಪಾಗಿ ಉಬ್ಬುವುದೋ ಇಲ್ಲವೋ ಎಂದು ನೋಡುವುದು, ಇಷ್ಟೇ ವಿಧಾನ. ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪರೀಕ್ಷೆ ಋಣಾತ್ಮಕ. ಎಂದರೆ ಅವರಿಗೆ ಅದುವರೆಗೆ ಸೋಂಕೇ ಇರಲಿಲ್ಲ. ಮೂರು ವರ್ಷಗಳ ಶಿಕ್ಷಣ ಮುಗಿಯುವ ವೇಳೆಗೆ ಅವರಲ್ಲಿ ಹೆಚ್ಚುಕಡಮೆ ಎಲ್ಲರ ತೋಳುಗಳೂ ಕೆಂಪೇರಿದ್ದವು. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಬರುವಾಗ ಸೋಂಕಿಲ್ಲದಿದ್ದ ಈ ಹುಡುಗಿಯರೇ. ಸೇರುವಾಗಿನ ಸ್ಥಿತಿಯನ್ನು ಮೊದಲೇ ಬರೆದಿಟ್ಟುದರಿಂದ ಮನೆಯಿಂದ ತಂದ ರೋಗ, ವಾರ್ಡಿನಲ್ಲಿ ತಗಲಿದ ರೋಗ ಎಂಬ ಭೇದವು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತು. ಆ ದಶಕದ ಉತ್ತರಾರ್ಧದಿಂದ ಹೈಮ್‌ಬೆಕ್ ಇಂಥವರಿಗೆ ಬಿ.ಸಿ.ಜಿ. ಲಸಿಕೆಯನ್ನು ಹಾಕಿಸತೊಡಗಿದನು, ಲಸಿಕೆ ಪಡೆದವರಲ್ಲಿ ರೋಗವು ಬಹಳ ಕಡಮೆಯಾಯಿತು. ಆದರೆ ಲಸಿಕೆ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟುದಾಗಿದ್ದಿತು. ಆದಕಾರಣ ಆ ಹೋಲಿಕೆಯನ್ನು ಇಂದಿನ ಅರ್ಥದಲ್ಲಿ ಕಟ್ಟುನಿಟ್ಟಾದ ಪ್ರಯೋಗವೆನ್ನಲಾಗದು.

ಬ್ರಿಟನ್ನಿನಲ್ಲಿ 1935ರಿಂದ 1944ರವರೆಗೆ ಸುಮಾರು ಹತ್ತು ಸಾವಿರ ತರುಣ ತರುಣಿಯರನ್ನು ಕುರಿತು ನಡೆದ ಪ್ರಾಫಿಟ್ ಸಮೀಕ್ಷೆಯು ದಾದಿಯರ ವಿಷಯದಲ್ಲಿ ಹೈಮ್‌ಬೆಕ್ಕನ ಮಾತನ್ನೇ ಬಲಪಡಿಸಿತು. ಮಾರ್ಕ್ ಡೇನಿಯಲ್ಸ್ ಮತ್ತು ಸಂಗಡಿಗರ ವರದಿಯು 1948ರಲ್ಲಿ ಅಚ್ಚಾಯಿತು. 1951ರಲ್ಲಿ ಆ ದೇಶವು, ರೋಗಿಗಳ ಸಂಪರ್ಕದಿಂದ ಆರೋಗ್ಯ ಸೇವಕರಿಗೆ ತಗಲುವ ಕ್ಷಯವನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಸಾಲಿಗೆ ಸೇರಿಸಿತು. ಮೊದಲ ಪ್ರಶ್ನೆಗೆ ಕಾನೂನಿನ ಉತ್ತರ ದೊರೆತುದು ಹೀಗೆ.

ನಮ್ಮ ದೇಶದಲ್ಲಿ ಬಿ.ಸಿ.ಜಿ. 1948ರಲ್ಲಿ ಮದನಪಲ್ಲಿಯಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಆದರೆ 1968ರಲ್ಲಿ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ತೊಡಗಿದ ದೊಡ್ಡ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ಲಸಿಕೆಯು ತಡೆಯಲಿಲ್ಲ. ಆಸ್ಲೋದ ಮದ್ದು ಇಲ್ಲಿ ಕೈಕೊಟ್ಟಿತೆಂದೇ ಹೇಳಬೇಕು. ಗಾಳಿ ಬೆಳಕು ಆಡುವ ವಾರ್ಡು, ಕೆಮ್ಮುವ ರೋಗಿಯನ್ನು ಬೇಗನೆ ಗುರುತಿಸಿ ಬೇರ್ಪಡಿಸುವುದು, ತಕ್ಕ ಮುಖಗವಸು, ಇವುಗಳ ಅಗತ್ಯವು ಇದರಿಂದ ಇನ್ನಷ್ಟು ಹೆಚ್ಚುತ್ತದೆ. ದಕ್ಷಿಣ ಭಾರತದ ಶುಶ್ರೂಷಾ ವಿದ್ಯಾರ್ಥಿನಿಯರನ್ನು ಹೈಮ್‌ಬೆಕ್ಕನಂತೆಯೇ ಮರುಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷವೊಂದಕ್ಕೆ ಹೊಸದಾಗಿ ಸೋಂಕು ತಗಲುವ ಪ್ರಮಾಣ ನೂರಕ್ಕೆ 7.8 ಎಂದು ಕಂಡುಬಂದಿದೆ. ಅದೇ ಅಧ್ಯಯನವು ಹೋಲಿಕೆಗಾಗಿ ತೆಗೆದುಕೊಂಡ ರಾಷ್ಟ್ರದ ಸರಾಸರಿ ನೂರಕ್ಕೆ 1.5. ಆರೋಗ್ಯ ಸೇವೆಯಲ್ಲಿ ಕಳೆದ ಕಾಲ ಹೆಚ್ಚಿದಷ್ಟೂ ಪರೀಕ್ಷೆಯು ಧನಾತ್ಮಕವಾಗುವ ಸಂಭವವೂ ಹೆಚ್ಚಾಗಿದ್ದಿತು.