ದನದ ಕಾವಲು, ಖಡ್ಗಮೃಗದ ಕಾವಲು

ಕಾಡುಮೃಗಗಳನ್ನು ಕಾಯುವುದು ಸರಕಾರದ ಕೆಲಸವೆಂದೇ ನಾವೆಲ್ಲ ತಿಳಿದಿದ್ದೇವೆ. ಆಫ್ರಿಕದ ಕೀನ್ಯಾ ದೇಶದಲ್ಲಿ ಸರಕಾರದ ಜೊತೆಗೆ ಜಮೀನುದಾರರೂ ಹಳ್ಳಿಯ ಜನರೂ ನಡೆಸುವ ಮೃಗರಕ್ಷಣಾ ಕ್ಷೇತ್ರಗಳು ಅನೇಕ ಉಂಟು. ಅವುಗಳಲ್ಲಿ ಲೇವಾ ಎಂಬುದರ ಕಥೆ ಕೇಳತಕ್ಕದ್ದು.

ಕೀನ್ಯಾ ಪರ್ವತದ ಉತ್ತರಕ್ಕಿರುವ ಲೇವಾ ಮೊದಲು ಕ್ರೇಗ್ ಮನೆತನದವರ ದನದ ಕಾವಲಾಗಿತ್ತು. 1970ರಲ್ಲಿ ಆ ದೇಶದಲ್ಲಿ ಸುಮಾರು 20,000 ಕರಿಯ ಖಡ್ಗಮೃಗಗಳಿದ್ದವಂತೆ. ಕಳ್ಳಬೇಟೆಯಿಂದಾಗಿ 1990ರ ಹೊತ್ತಿಗೆ ಅವು 400ರ ಆಸುಪಾಸಿಗೆ ಇಳಿದವು. ಎಲ್ಲವೂ ಕೊಂಬಿನ ಆಸೆಗಾಗಿ. ಆ ಕೊಂಬಾದರೂ ಏನು? ನಮ್ಮ ಉಗುರು ಯಾವ ವಸ್ತುವಿನದೋ ಅದೇ ವಸ್ತು! 1983ರಲ್ಲಿ ಆನಾ ಮರ್ಜ್ ಎಂಬ ಮಹಿಳೆ ಕ್ರೇಗರನ್ನು ಒಪ್ಪಿಸಿ, ಸ್ವಂತ ಹಣ ಹಾಕಿ, 5,000 ಎಕರೆಗೆ ಬೇಲಿ ಕಟ್ಟಿಸಿದರು. ತಾಯಿ ತೊರೆದ ಸಾಮಿಯಾ ಎಂಬ ಮರಿಯನ್ನು ತಾವೇ ಹಾಲೂಡಿಸಿ ಸಾಕಿದರು. 1995ರಲ್ಲಿ ಇಡೀ ಕಾವಲು ರಕ್ಷಣಾ ಕ್ಷೇತ್ರವಾಯಿತು; ಇಂದು ಅದರ ವಿಸ್ತಾರ ಸುಮಾರು 62,000 ಎಕರೆ.

ಕಡತ ನೋಡುವ ನಮ್ಮಂಥವರಿಗೆ ಮೊದಲು ತೋರುವ ಪ್ರಶ್ನೆ, ಖರ್ಚಿಗೆ ಏನು ದಾರಿ ಎಂಬುದು. ಪ್ರಾಣಿಗಳನ್ನು ದಿನವೂ ಹಿಂಬಾಲಿಸುವ ಕಾವಲುಗಾರರಿಗೆ ಸಂಬಳ ಬೇಕು, ಜೀಪು ಬೇಕು, ಬೇಲಿಗೆ ರಿಪೇರಿ ಬೇಕು. ಹಣ ಬರುವುದು ಪ್ರವಾಸಿಗರಿಂದ, ದಾನಿಗಳಿಂದ. 2000ದಲ್ಲಿ ಒಂದು ಮ್ಯಾರಥಾನ್ ಓಟವನ್ನೂ ಆರಂಭಿಸಿದರು. ಸಿಂಹಗಳಿರುವ ಹುಲ್ಲುಗಾವಲಿನಲ್ಲಿ ಓಟ! ಓಡುವವರಿಗೆ ಹುರುಪು ಬರಲು ಬೇರೆ ಬಹುಮಾನವೇಕೆ? ಆದರೆ 2020ರಲ್ಲಿ ಕೋವಿಡ್ ಬಂದು ಪ್ರವಾಸಿಗರು ನಿಂತಾಗ, ಇಂಥ ಆದಾಯವನ್ನು ನೆಚ್ಚಿದ ಕ್ಷೇತ್ರಗಳೆಲ್ಲ ಕಂಗಾಲಾದವು. ಸಂಬಳದ ದಿನ ಪ್ರವಾಸಿಗಾಗಿ ಕಾಯುವುದಿಲ್ಲವಷ್ಟೆ.

ಸುತ್ತಲಿನ ಹಳ್ಳಿಗಳ ಮಾತು ಇನ್ನೂ ದೊಡ್ಡದು. ಬರಗಾಲದಲ್ಲಿ ತನ್ನ ದನ ಸಾಯುತ್ತಿರುವಾಗ ಬೇಲಿಯಾಚೆ ಹುಲ್ಲು ಕಂಡರೆ ಯಾರು ಸುಮ್ಮನಿದ್ದಾರು? ಲೇವಾದವರು ಶಾಲೆ, ಆಸ್ಪತ್ರೆ, ನೀರಿನ ಯೋಜನೆಗಳಿಗೆ ಹಣ ಕೊಡುತ್ತಾರೆ. ಮಿತಿಯಿಟ್ಟು ದನ ಮೇಯಿಸಲೂ ಬಿಟ್ಟಿದ್ದಾರೆ. ಇದನ್ನು ಧರ್ಮವೆನ್ನುವುದಕ್ಕಿಂತ ವಿವೇಕವೆನ್ನುವುದೇ ಸರಿ.

ಆನೆಗಳದು ಬೇರೊಂದು ತೊಡಕು. ಪರ್ವತದ ಕಾಡಿಗೂ ಲೇವಾಕ್ಕೂ ನಡುವೆ ಹೊಲಗದ್ದೆ, ಹೆದ್ದಾರಿ. ಆನೆದಾರಿಯಲ್ಲಿ ಬೆಳೆ ಇಟ್ಟರೆ ಏನಾಗುತ್ತದೆಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಸುಮಾರು 14 ಕಿಲೋಮೀಟರು ಉದ್ದಕ್ಕೆ ಎರಡೂ ಕಡೆ ಬೇಲಿ ಹಾಕಿ ದಾರಿ ಬಿಟ್ಟರು. ಹೆದ್ದಾರಿಯ ಕೆಳಗೆ ಸುರಂಗ ಮಾಡಿದರು. ಅಪರಿಚಿತ ಸುರಂಗಕ್ಕೆ ಆನೆ ಹೆಜ್ಜೆಯಿಡುವುದೇ ಎಂದು ಅನುಮಾನಿಸಿದವರಿದ್ದರು. 2011ರ ಆರಂಭದಲ್ಲೇ ಒಂದು ಗಂಡಾನೆ ದಾಟಿತು. ಅದರ ಹಿಂದೆ ಉಳಿದವೂ ಬಂದವು.

ಗೆಲುವಿಗೂ ಅದರದೇ ಕಷ್ಟ. ಖಡ್ಗಮೃಗಗಳು ಹೆಚ್ಚಿದಂತೆ ಜಾಗ ಸಾಲದಾಯಿತು, ಗಂಡುಗಳ ಕಾದಾಟಕ್ಕೂ ಎಡೆಯಾಯಿತು. 2014ರಲ್ಲಿ ನೆರೆಯ ಬೊರಾನಾ ಕ್ಷೇತ್ರದ ನಡುವಿನ ಬೇಲಿಯನ್ನು ಕಿತ್ತುಹಾಕಿದರು. ಮರುವರ್ಷ ಕೆಲವು ಮೃಗಗಳನ್ನು ಲಾರಿಯಲ್ಲಿ ಉತ್ತರದ ಸೇರಾಕ್ಕೆ ಸಾಗಿಸಿದರು. ಸೇರಾವನ್ನು ನಡೆಸುವವರು ದನಗಾಹಿಗಳಾದ ಸಂಬುರು ಜನ. ಖಡ್ಗಮೃಗವೇ ಅಳಿದುಹೋಗಿದ್ದ ಆ ನೆಲದಲ್ಲಿ ಈಗ ಅವುಗಳ ಮರಿಗಳು ಹುಟ್ಟಿವೆ.